ಅರ್ಥದೊಳಗಿನ ಚುಕ್ಕೆ

‘ಅರ್ಧ’ಕ್ಕೂ ‘ಅರ್ಥ’ಕ್ಕೂ ಬರಹದಲ್ಲಿ ಇರುವ ಅಂತರ ಒಂದೇ ಒಂದು ಚುಕ್ಕೆ. ಹೊಸ ಲ್ಯಾಪ್‌ಟಾಪಿನಲ್ಲಿ ಪುಸ್ತಕವೊಂದರ ಕರಡು ತಿದ್ದುವಾಗ ‘ಅರ್ಥ’ ಇರಬೇಕಾದಲ್ಲಿ ‘ಅರ್ಧ’ ಬಿದ್ದಿತ್ತು. ಚುಕ್ಕೆ ಇದೆಯೆಂದೇ ಎಣಿಸಿ ಪುಟ ದಾಟಿಸಿಬಿಟ್ಟಿದ್ದೆ. ಕಣ್ಣಿಗೆ ಪೊರೆ ಬಂತೇನೋ ಎಂಬ ಅಂಜಿಕೆಯೂ ಆಯಿತು. ಆದರೆ ಪಕ್ಕದ ಬ್ರೌಸರಿನಲ್ಲಿ ಅಕ್ಷರಗಳು ಅಚ್ಚು ಹಾಕಿದಷ್ಟು ಸ್ಪಷ್ಟವಾಗಿದ್ದವು. ಮಂಜಾಗಿದ್ದದ್ದು ಹಳೆಯ ಪುಟವಿನ್ಯಾಸದ ತಂತ್ರಾಂಶ ಮಾತ್ರ.

ವಿಂಡೋಸ್ ಮೊದಲಿನಿಂದಲೂ ಇಂಚಿಗೆ 96 ಚುಕ್ಕೆ ಎಂಬ ಲೆಕ್ಕ ಇಟ್ಟುಕೊಂಡಿದೆ. ಅದನ್ನು ನಂಬಿ ಬರೆದ ತಂತ್ರಾಂಶದ 16 ಪಿಕ್ಸೆಲ್ ಐಕಾನು ಹಳೆಯ ಮಾನಿಟರಿನಲ್ಲಿ ಸುಮಾರು 4 ಮಿಲಿಮೀಟರ್ ಅಗಲ. 15.6 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ 282 ಪಿಕ್ಸೆಲ್. ಅಲ್ಲಿ ಅದೇ ಐಕಾನು ಸಾಸಿವೆ ಕಾಳಿನಷ್ಟಾಗುತ್ತದೆ. ಹಾಗಾಗದಿರಲೆಂದು ವಿಸ್ಟಾ ಕಾಲದಿಂದ ವಿಂಡೋಸ್, ಹಳೆಯ ತಂತ್ರಾಂಶ 96ರ ಲೆಕ್ಕದಲ್ಲೇ ಚಿತ್ರ ಬರೆಯಲು ಬಿಟ್ಟು, ಆಮೇಲೆ ಅದನ್ನು ಹಿಗ್ಗಿಸಿ ತೋರಿಸುತ್ತದೆ. ಒಂದು ಪಿಕ್ಸೆಲನ್ನು ಒಂದೂವರೆಗೆ ಎಳೆದರೆ ಅಂಚು ಕಲಸಿಹೋಗದೆ ಇನ್ನೇನಾದೀತು? ಇಂಗ್ಲಿಷಿನ ಬಿಡಿ ಅಕ್ಷರ ಹೇಗೋ ತಾಳಿಕೊಳ್ಳುತ್ತದೆ. ನಮ್ಮ ಒತ್ತಕ್ಷರ, ಮಹಾಪ್ರಾಣದ ಸೀಳು ತಾಳುವುದಿಲ್ಲ. ಹಾಗಿದ್ದೂ ಹಳೆಯ ತಂತ್ರಾಂಶವನ್ನು ಕೈಬಿಡದೆ ನಡೆಸುವ ಈ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಎಷ್ಟೋ ಡಿಟಿಪಿ ಅಂಗಡಿಗಳ ಅನ್ನ ಅದರಲ್ಲಿದೆ.

ನನ್ನ ತಕರಾರು ಪರಿಹಾರದ ಬಗ್ಗೆ. ತಂತ್ರಾಂಶದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿಂದ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ಗೆ ಹೋಗಿ, ‘ಓವರ್‌ರೈಡ್’ಗೆ ಟಿಕ್ ಹಾಕಿದರೆ ಮೂರು ಆಯ್ಕೆಗಳು ಸಿಗುತ್ತವೆ. ಬಲ್ಲವರು ಥಟ್ಟನೆ ಹೇಳುವುದು ಮೊದಲನೆಯ ‘ಅಪ್ಲಿಕೇಶನ್’. ಮಂಜು ಹೋಗುತ್ತದೆ, ನಿಜ. ಜೊತೆಗೆ ಮೆನು, ಗುಂಡಿ ಎಲ್ಲ ಸಾಸಿವೆಯಾಗುತ್ತವೆ. ಚಾಳೀಸು ದಾಟಿದವರಿಗೆ ಇದನ್ನು ಹೇಳಿಕೊಡುವುದು ಉಪಕಾರವಲ್ಲ. ಎರಡನೆಯದಾದ ‘ಸಿಸ್ಟಮ್’ ಅದೇ ಹಿಗ್ಗಿಸಿದ ಚಿತ್ರ. 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಮೂರನೆಯ ‘ಸಿಸ್ಟಮ್ (ಎನ್‌ಹ್ಯಾನ್ಸ್‌ಡ್)’ ನಿಜವಾಗಿ ಜಾಣತನದ ಕೆಲಸ. ಹಳೆಯ ಜಿಡಿಐ ವಿಧಾನದಲ್ಲಿ ಬರೆಯುವ ಅಕ್ಷರ, ಗೆರೆಗಳನ್ನು ಅದು ಪರದೆಯ ಪೂರ್ತಿ ಸಾಂದ್ರತೆಯಲ್ಲೇ ಹೊಸದಾಗಿ ಮೂಡಿಸುತ್ತದೆ. ಅದನ್ನು ಆರಿಸಿ ತಂತ್ರಾಂಶ ಮತ್ತೆ ತೆರೆದಾಗ ‘ಥ’ದ ಚುಕ್ಕೆ ಸೂಜಿಮೊನೆಯಂತೆ ಎದ್ದು ನಿಂತಿತ್ತು. ಐಕಾನುಗಳು ಮಂಜಾಗಿಯೇ ಉಳಿದವು. ಐಕಾನನ್ನು ಯಾರೂ ಕರಡು ತಿದ್ದುವುದಿಲ್ಲ. ಡೈರೆಕ್ಟ್‌ಎಕ್ಸ್‌ನಲ್ಲಿ ಬರೆಯುವ ತಂತ್ರಾಂಶಗಳಿಗೆ ಇದು ನಾಟುವುದಿಲ್ಲ ಎಂಬುದು ನೆನಪಿರಲಿ.

ಮಂಜೇ ಆಗದಂತೆ ತಂತ್ರಾಂಶ ತಾನೇ, ಸಾಂದ್ರತೆ ಬೇರೆ ಬೇರೆಯಾದ ಎರಡು ಮಾನಿಟರುಗಳಿಗೂ ಹೊಂದಿಕೊಳ್ಳುವ ಏರ್ಪಾಡು 2013ರ ವಿಂಡೋಸ್ 8.1ರಲ್ಲೇ ಬಂದಿದೆ. ತಂತ್ರಾಂಶ ಬರೆಯುವವರು ಅದನ್ನು ಬಳಸದಿದ್ದರೆ ತಪ್ಪು ಅವರದು. ಆದರೆ ‘ಎನ್‌ಹ್ಯಾನ್ಸ್‌ಡ್’ನಂಥ ಒಳ್ಳೆಯ ಮದ್ದನ್ನು ಐದು ಬಾಗಿಲ ಹಿಂದೆ, ಅರ್ಥವಾಗದ ಹೆಸರಿಟ್ಟು ಬಚ್ಚಿಟ್ಟದ್ದು ವಿಂಡೋಸ್ ರೂಪಿಸಿದವರ ತಪ್ಪು. ಅಕ್ಷರ ಮಂಜಾದ ಕಿಟಕಿಯ ಮೇಲೆಯೇ ಈ ಆಯ್ಕೆ ಇರಬೇಕು, ಕನ್ನಡದಲ್ಲಿ ಇರಬೇಕು.