ಒಂದು ಧ್ವನಿಮುದ್ರಿಕೆಯ ಮೂರು ಅವತಾರಗಳು

ಸಂಘದ ಪತ್ರಿಕೆಯಲ್ಲಿ ದಾಸರ ಪದ, ಭಾವಗೀತೆ, ನಾಟಕಗಳ ವಿಮರ್ಶೆ ಓದಿ ರೂಢಿಯಾದ ವಾಚಕರು ಈ ಸಲ ಇಂಗ್ಲಿಷ್ ಹಾಡುಗಳ ಮಾತು ಕಂಡು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿರಲಿ. ಜಾರ್ಜ್ ಹ್ಯಾರಿಸನ್ನನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ಧ್ವನಿಮುದ್ರಿಕೆಯ ಹೆಸರಿಗೆ ‘ಎಲ್ಲವೂ ಒಂದು ದಿನ ಕಳೆಯಲೇಬೇಕು’ ಎಂದು ಅರ್ಥ. ಮುದ್ರಿಕೆ ಮಾತ್ರ ಕಳೆದುಹೋಗಲು ಒಪ್ಪಿಲ್ಲ. 1970ರಲ್ಲಿ ಹುಟ್ಟಿ, 2001ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಹೊಸ ವೇಷ ತೊಟ್ಟು ಬಂದಿದೆ. ಹಳೆಯದನ್ನು ಹೊಸದಾಗಿಸುವವರು ಎಲ್ಲಿಯವರೆಗೆ ಕೈಯಾಡಿಸಬಹುದು? ಈ ಪ್ರಶ್ನೆ ನಮ್ಮ ಮನೆಯ ಕಪಾಟಿನವರೆಗೂ ಬಂದದ್ದರಿಂದ ಬರೆಯಲು ಕುಳಿತಿದ್ದೇವೆ.

ಹ್ಯಾರಿಸನ್ ಬೀಟಲ್ಸ್ ತಂಡದ ನಾಲ್ವರಲ್ಲಿ ಒಬ್ಬ. ತಂಡದ ಹಾಡುಗಳಲ್ಲಿ ಹೆಚ್ಚಿನವು ಲೆನನ್ ಮತ್ತು ಮೆಕಾರ್ಟ್ನಿ ಅವರವು. ಈತನ ಪಾಲಿಗೆ ಸಾಮಾನ್ಯವಾಗಿ ಒಂದೆರಡು ಹಾಡಿನ ಜಾಗ. ಈ ಮುದ್ರಿಕೆಗೆ ಹೆಸರು ಕೊಟ್ಟ ಹಾಡನ್ನೇ 1969ರ ಜನವರಿಯಲ್ಲಿ ತಂಡ ಅಭ್ಯಾಸ ಮಾಡಿ ಬಿಟ್ಟುಬಿಟ್ಟಿತ್ತು. 1970ರಲ್ಲಿ ತಂಡ ಒಡೆಯಿತು. ಕೂಡಿಟ್ಟ ಹಾಡುಗಳೆಲ್ಲ ಕಟ್ಟೆಯೊಡೆದ ಕೆರೆಯಂತೆ ಹರಿದವು. ಆ ವರ್ಷದ ನವೆಂಬರಿನಲ್ಲಿ ಮೂರು ತಟ್ಟೆಗಳ ಪೆಟ್ಟಿಗೆಯೇ ಹೊರಬಂತು. ಎರಡರಲ್ಲಿ ಹಾಡು, ಮೂರನೆಯದರಲ್ಲಿ ಬಹುತೇಕ ವಾದ್ಯಗೋಷ್ಠಿ. ಆಗ ಆತನ ವಯಸ್ಸು 27.

‘ಮೈ ಸ್ವೀಟ್ ಲಾರ್ಡ್’ ಎಂಬ ಹಾಡು ನಮ್ಮವರಿಗೆ ಅಪರಿಚಿತವಾಗಿರಲಾರದು. ‘ಹಲ್ಲೆಲೂಯ’ ಎಂಬ ಕ್ರೈಸ್ತ ಘೋಷವೂ ಹರೇ ಕೃಷ್ಣ ನಾಮವೂ ಅದರಲ್ಲಿ ಅಕ್ಕಪಕ್ಕ ಕೂತಿವೆ. ನಮ್ಮ ಮಕ್ಕಳು ಶಾಲೆಯಲ್ಲಿ ಹೇಳುವ ಗುರುಸ್ತೋತ್ರವೂ ಹಿಮ್ಮೇಳದಲ್ಲಿ ಕೇಳಿಬರುತ್ತದೆ. ಹಿಮ್ಮೇಳದ ಆ ಬಹುಕಂಠವೆಲ್ಲ ಹ್ಯಾರಿಸನ್ ಒಬ್ಬನದೇ, ಮತ್ತೆ ಮತ್ತೆ ಮುದ್ರಿಸಿ ಪೇರಿಸಿದ್ದು. ಇದರ ರಾಗ 1963ರ ಇನ್ನೊಂದು ಹಾಡನ್ನು ಅರಿವಿಲ್ಲದೆ ಅನುಕರಿಸಿದೆ ಎಂದು 1976ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪಿತ್ತದ್ದೂ ನಿಜ. ಆದರೂ ಭಕ್ತಿಗೆ ಅದರಿಂದ ಕುಂದು ಬಂದಂತೆ ನಮಗೆ ಅನಿಸಿಲ್ಲ.

ಇನ್ನು ಮುಖ್ಯ ವಿಷಯ. ಹ್ಯಾರಿಸನ್ನನ ಜತೆ ಈ ಮುದ್ರಿಕೆಯನ್ನು ರೂಪಿಸಿದವನು ಫಿಲ್ ಸ್ಪೆಕ್ಟರ್. ಹಲವು ಗಿಟಾರು, ಹಲವು ಪಿಯಾನೊ, ಎರಡೆರಡು ಡ್ರಮ್ಮುಗಳನ್ನು ಒಟ್ಟಿಗೆ ನುಡಿಸಿ, ಮೇಲೆ ಧಾರಾಳವಾಗಿ ಪ್ರತಿಧ್ವನಿ ಸುರಿಯುವುದು ಆತನ ಪದ್ಧತಿ. ಬಿ.ಎಸ್ಸಿ. ತರಗತಿಯಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗೋಡೆಗೆ ತಗಲಿ ಮರಳುವ ಸದ್ದು, ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಮೊದಲೇ ಕಿವಿ ಸೇರಿದರೆ ಬೇರೆಯಾಗಿ ಕೇಳಿಸದು. ಮೂಲದೊಡನೆ ಬೆರೆತು ಅದನ್ನು ಹಿಗ್ಗಿಸುತ್ತದೆ. ಕಲ್ಲಿನ ದೇವಸ್ಥಾನದಲ್ಲಿ ಒಬ್ಬರು ಹಾಡಿದರೂ ನಾಲ್ವರು ಹಾಡಿದಂತಾಗುವುದು ಇದರಿಂದಲೇ. ಗಾಂಭೀರ್ಯ ಬರುತ್ತದೆ, ಮಾತು ಮಸುಕಾಗುತ್ತದೆ. ‘ವಾ-ವಾ’ ಎಂಬ ಹಾಡಿನಲ್ಲಂತೂ ಗಾಯಕ ಜಾತ್ರೆಯಲ್ಲಿ ಕಳೆದುಹೋದ ಹುಡುಗನಂತೆ ಎಲ್ಲೋ ಹಿಂದಿನಿಂದ ಕೂಗುತ್ತಾನೆ.

2001ರ ಮರುಮುದ್ರಣಕ್ಕೆ ಹ್ಯಾರಿಸನ್ ತಾನೇ ಮುಂದೆ ನಿಂತ. ಆ ದಪ್ಪ ಪ್ರತಿಧ್ವನಿಯಿಂದ ಹಾಡುಗಳನ್ನು ಬಿಡಿಸಬೇಕೆಂದು ತನಗೆ ಆಸೆಯಾಗುತ್ತಿದೆ ಎಂಬರ್ಥದಲ್ಲಿ ಜತೆಯ ಪುಸ್ತಿಕೆಯಲ್ಲಿ ಬರೆದ. ಆದರೂ ಬಿಡಿಸಲಿಲ್ಲ. ಹಳೆಯ ಮಿಶ್ರಣವನ್ನು ಹಾಗೆಯೇ ಉಳಿಸಿ, ‘ಮೈ ಸ್ವೀಟ್ ಲಾರ್ಡ್’ ಹಾಡಿನ ಹೊಸ ಆವೃತ್ತಿಯೊಂದನ್ನೂ ಹಿಂದೆ ಬಿಟ್ಟುಹೋಗಿದ್ದ ಕೆಲವು ಮುದ್ರಣಗಳನ್ನೂ ಜತೆಗೆ ಸೇರಿಸಿದ. ತೋಟದಲ್ಲಿ ಕುಳ್ಳ ಬೊಂಬೆಗಳ ನಡುವೆ ತಾನು ಕೂತಿದ್ದ ಕಪ್ಪುಬಿಳುಪು ಮುಖಚಿತ್ರಕ್ಕೆ ಬಣ್ಣ ಬಳಿಸಿ, ಪುಸ್ತಿಕೆಯೊಳಗಿನ ಚಿತ್ರಗಳಲ್ಲಿ ಅದೇ ತೋಟದ ಸುತ್ತ ಹೆದ್ದಾರಿ, ಎತ್ತರದ ಕಟ್ಟಡಗಳು ಎದ್ದುಬಂದಂತೆ ತೋರಿಸಿದ. ಮುಂಬಯಿಯಲ್ಲಿ ಬಾಳುವ ನಮಗೆ ಆ ವ್ಯಂಗ್ಯ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ನವೆಂಬರ್ 29ರಂದು ಆತ ತೀರಿಕೊಂಡ.

2021ರಲ್ಲಿ ಐವತ್ತನೆಯ ವರ್ಷದ ನೆಪದಲ್ಲಿ, ಮಗ ಧನಿಯ ಮೇಲ್ವಿಚಾರಣೆಯಲ್ಲಿ, ಪಾಲ್ ಹಿಕ್ಸ್ ಎಂಬ ತಂತ್ರಜ್ಞ ಹಾಡುಗಳನ್ನು ಹೊಸದಾಗಿ ಮಿಶ್ರಣ ಮಾಡಿದ. (ಧ ಮತ್ತು ನಿ ಎಂಬ ಎರಡು ಸ್ವರ ಸೇರಿಸಿ ಮಗನಿಗೆ ಇಟ್ಟ ಹೆಸರು ಅದು.) ಹಿಂದಿನ ಮರುಮುದ್ರಣಗಳಿಗೂ ಇದಕ್ಕೂ ಇರುವ ಭೇದವನ್ನು ಕಚೇರಿಯ ಭಾಷೆಯಲ್ಲಿ ಹೇಳೋಣ. ಸಹಿಯಾದ ಪತ್ರವನ್ನೇ ಇನ್ನಷ್ಟು ಸ್ಪಷ್ಟವಾಗಿ ಝೆರಾಕ್ಸ್ ಮಾಡಿದರೆ ಅದು ಹಳೆಯ ರೀತಿ. ಡ್ರಾಫ್ಟನ್ನೇ ಹೊರತೆಗೆದು, ಯಾವ ಸಾಲು ದಪ್ಪಗಿರಬೇಕು, ಯಾವುದು ಸಣ್ಣಗಿರಬೇಕು ಎಂದು ಮತ್ತೆ ಟೈಪು ಮಾಡಿದರೆ ಅದು ಹೊಸ ಮಿಶ್ರಣ.

ಫಲವೇನು? ‘ರನ್ ಆಫ್ ದ ಮಿಲ್’, ‘ಬಿಹೈಂಡ್ ದಟ್ ಲಾಕ್ಡ್ ಡೋರ್’ ಮುಂತಾದ ಮೆಲುದನಿಯ ಹಾಡುಗಳಿಗೆ ನಿಶ್ಚಯವಾಗಿ ಲಾಭವಾಗಿದೆ. ಗಾಯಕ ಎದುರಿಗೇ ಕೂತು ಹಾಡಿದಂತಿದೆ. ಮಾಯೆಯ ಬಗ್ಗೆ ಎಚ್ಚರಿಸುವ ‘ಬಿವೇರ್ ಆಫ್ ಡಾರ್ಕ್‌ನೆಸ್’ ಹಾಡಿನಲ್ಲಿ ಕಂಠದ ನಡುಕವೂ ತಿಳಿಯುತ್ತದೆ. ಆದರೆ ‘ವಾ-ವಾ’ ತನ್ನ ಜಾತ್ರೆಯನ್ನು ಕಳೆದುಕೊಂಡಿದೆ. ಏಳು ನಿಮಿಷದ ‘ಈಸಂಟ್ ಇಟ್ ಎ ಪಿಟಿ’ಯ ಕೊನೆಯಲ್ಲಿ ಮೊದಲು ಒಂದು ಊರೇ ಎದ್ದು ನಿಟ್ಟುಸಿರಿಟ್ಟಂತೆ ಕೇಳುತ್ತಿತ್ತು, ಈಗ ಯಾರು ಯಾರು ನುಡಿಸುತ್ತಿದ್ದಾರೆಂದು ಎಣಿಸಲು ಮನಸ್ಸು ಹೋಗುತ್ತದೆ. ಎಣಿಕೆ ಶುರುವಾದಲ್ಲಿ ನಿಟ್ಟುಸಿರು ನಿಲ್ಲುತ್ತದೆ.

ಕಾಲೇಜಿನ ದಿನಗಳಲ್ಲಿ ಸ್ನೇಹಿತನ ಕ್ಯಾಸೆಟ್ಟಿನಲ್ಲಿ ಆ ಮಸುಕಿನೊಡನೆಯೇ ಈ ಹಾಡುಗಳನ್ನು ಪ್ರೀತಿಸಿದವರು ನಾವು. ಆದ್ದರಿಂದ ಹೊಸ ಮಿಶ್ರಣವನ್ನು ಖಂಡಿಸಿ ಬರೆಯಲೆಂದೇ ಹೊರಟಿದ್ದೆವು. ಅಷ್ಟರಲ್ಲಿ ಒಂದು ಘಟನೆ ನಡೆಯಿತು.

ರೈಲುಹಳಿಯ ಪಕ್ಕದ ಹಳೆಯ ಖೋಲಿಯಲ್ಲಿ ನಾವು ಚಿಕ್ಕವರಿದ್ದಾಗ ತಾಯಿಯವರು ಹಾಡಿದ ದಾಸರ ಪದಗಳ ಕ್ಯಾಸೆಟ್ಟು ನಮ್ಮಲ್ಲಿದೆ. ಪದದ ನಡುವೆ ಲೋಕಲ್ ಗಾಡಿ ಧಡಧಡನೆ ಹೋಗುತ್ತದೆ. ನಮಗೆ ಆ ಗಾಡಿಯೂ ಪದದ ಭಾಗವೇ. ತಂಗಿಯ ಮಗ ಅದನ್ನು ಕಂಪ್ಯೂಟರಿಗೆ ಹಾಕಿ ಗಾಡಿಯ ಸದ್ದನ್ನು ತೆಗೆದುಬಿಟ್ಟ. ನಮಗೆ ಕಸಿವಿಸಿಯಾಯಿತು, ಯಾರದೋ ಮನೆಯ ಹಾಡು ಕೇಳಿದಂತಾಯಿತು. ತಾಯಿಯವರು ಮಾತ್ರ ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಈಗ ನೋಡಪಾ, ಪದ ಛಂದ ಕೇಳಸ್ತದ. ಇಷ್ಟು ವರ್ಷ ಆ ಗಾಡಿ ನನ್ನ ಬಾಯಿ ಮುಚ್ಚಿತ್ತು” ಎಂದರು.

ನಮ್ಮ ವಾದ ಅಲ್ಲಿಗೆ ನಿಂತಿತು. ಕೇಳುವವರಿಗೆ ನೆನಪು ಪ್ರಿಯ, ಹಾಡಿದವರಿಗೆ ಹಾಡು ಪ್ರಿಯ. ತನ್ನ ದನಿ ಕೇಳಲೆಂದು ಹಾಡಿದವರು ಆಸೆಪಟ್ಟರೆ ತಪ್ಪೆನ್ನಲು ನಾವು ಯಾರು? ತಂದೆಯ ಆಸೆಯನ್ನು ಮಗ ನಡೆಸಿಕೊಟ್ಟದ್ದರಲ್ಲಿ ದೋಷವಿಲ್ಲ.

ಒಂದು ಆಕ್ಷೇಪಣೆ ಮಾತ್ರ ಉಳಿಯುತ್ತದೆ. 2021ರ ಅತಿ ದುಬಾರಿ ಆವೃತ್ತಿ ಮರದ ಪೆಟ್ಟಿಗೆಯಲ್ಲಿ ಬಂತು. ಅದರಲ್ಲಿ ಕುಳ್ಳ ಬೊಂಬೆಗಳ ಪ್ರತಿಕೃತಿಗಳಿವೆ, ರುದ್ರಾಕ್ಷಿಯಿದೆ, ಅನೇಕ ಅಪ್ರಕಟಿತ ಮುದ್ರಣಗಳಿವೆ. 1970ರ ಮೂಲ ಮಿಶ್ರಣ ಮಾತ್ರ ಇಲ್ಲ. ಸರಕಾರಿ ಫೈಲಿನಲ್ಲಿ ಒಂದು ಕಟ್ಟುನಿಟ್ಟಿನ ಸಂಪ್ರದಾಯವುಂಟು. ಹಿಂದಿನವರ ನೋಟು ಒಪ್ಪಿಗೆಯಾಗದಿದ್ದರೆ ಅದರ ಕೆಳಗೆ ನಮ್ಮ ನೋಟು ಬರೆಯಬಹುದು. ಹಿಂದಿನ ಹಾಳೆ ಹರಿಯುವಂತಿಲ್ಲ. 2001ರಲ್ಲಿ ಹ್ಯಾರಿಸನ್ ನಡೆದುಕೊಂಡದ್ದು ಹೀಗೆಯೇ. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಹಳೆಯ ಹಾಳೆಗೂ ಒಂದು ಜಾಗವಿರಬೇಕಿತ್ತು.

ಮೊದಲ ಬಾರಿ ಕೇಳುವವರು 2021ರ ಮಿಶ್ರಣದಿಂದ ಆರಂಭಿಸಲಿ. ಮಾತು ಸ್ಪಷ್ಟವಾಗಿ ತಿಳಿಯುತ್ತದೆ. ಅನಂತರ 2001ರ ಅಥವಾ 2014ರ ಮರುಮುದ್ರಣವನ್ನು ಹುಡುಕಿ ‘ಈಸಂಟ್ ಇಟ್ ಎ ಪಿಟಿ’ಯನ್ನು ಹಳೆಯ ಮಿಶ್ರಣದಲ್ಲಿ ಕೇಳಲಿ. ನಮ್ಮ ಮನೆಯಲ್ಲಿಯೂ ಈಗ ಎರಡೂ ಇವೆ. ತಾಯಿಯವರು ಗಾಡಿಯಿಲ್ಲದ ಪದ ಕೇಳುತ್ತಾರೆ. ಅವರು ಮಲಗಿದ ಮೇಲೆ ನಾವು ಗಾಡಿಯಿರುವುದನ್ನು ಹಾಕಿಕೊಳ್ಳುತ್ತೇವೆ.