ಸ್ಮೃತಿಪರೀಕ್ಷೆಯ ಭಾಷೆ: ಒಂದು ವಿಮರ್ಶೆ

ಮರೆವಿನ ಕಾಯಿಲೆಯನ್ನು ಗುರುತಿಸುವ ಪರೀಕ್ಷೆಗಳಿಗೆ ಭಾಷೆಯೇ ಮುಖ್ಯ ಸಾಧನ. ಚಿತ್ರವನ್ನು ಹೆಸರಿಸುವುದು, ಒಂದು ನಿಮಿಷದಲ್ಲಿ ತಿಳಿದಷ್ಟು ಪ್ರಾಣಿಗಳ ಹೆಸರು ಹೇಳುವುದು ಅಂಥವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ, ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಹಲವು ನಗರಗಳ ಸಂಸ್ಥೆಗಳು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ ಇಂತಹ ಪರೀಕ್ಷಾಸಮುಚ್ಚಯವೊಂದನ್ನು ಸಿದ್ಧಪಡಿಸಿದವು; ಅದರ ಅಧ್ಯಯನವಿನ್ಯಾಸ 2020ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಪರೀಕ್ಷೆಗಳನ್ನು ಯಥಾವತ್ತಾಗಿ ಎತ್ತಿಕೊಳ್ಳದೆ ನಮ್ಮ ಭಾಷೆ, ಶಿಕ್ಷಣಗಳ ಭಿನ್ನತೆಗೆ ಹೊಂದಿಸಿದ್ದು ಈ ಸಹಯೋಗದ ನಿಜವಾದ ಸಾಧನೆ.

ಆದರೆ ಈ ಐದೂ ರಾಜ್ಯಭಾಷೆಗಳು. ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಕನ್ನಡ ಅನೇಕ ಹಿರಿಯರಿಗೆ ಶಾಲೆಯ, ಕಚೇರಿಯ ಭಾಷೆ; ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಬೆಕ್ಕಿನ ಚಿತ್ರ ಕಂಡಾಗ ತುಳುವರ ನಾಲಿಗೆಗೆ ಮೊದಲು ಬರುವುದು 'ಪುಚ್ಚೆ', ಕೊಂಕಣಿಗರಿಗೆ 'ಮಾಜರ್'. 'ಬೆಕ್ಕು' ಎನ್ನಲು ತಡವಾದರೆ ಅದು ಸ್ಮೃತಿಯ ಕೊರತೆಯೋ, ಭಾಷಾಂತರದ ವಿಳಂಬವೋ? ತಪ್ಪಾಗಿ ಎಣಿಸಿದರೆ ಆರೋಗ್ಯವಂತರಿಗೂ ರೋಗದ ಹಣೆಪಟ್ಟಿ ಅಂಟೀತು.

ಅನುದಾನವು ಆಸ್ಪತ್ರೆಗಳನ್ನು ಜೋಡಿಸಿದರಷ್ಟೇ ಸಾಲದು. ಕರ್ನಾಟಕದ ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮಂಗಳೂರಿನಲ್ಲೇ ಇವೆ. ಮುಂದಿನ ಸಹಯೋಗದಲ್ಲಿ ಅವುಗಳ ಪದಸಂಪತ್ತಿಗೂ ವಿದ್ವಾಂಸರಿಗೂ ಪಾಲಿರಬೇಕು.