ಮೂಗಿಗೆ ಸಿಗದ ಹೊಗೆ

ಗ್ಯಾಸಿನ ಮೇಲೆ ಓಡುತ್ತ ಫರಸಿಗೆ, ಅಂದರೆ ನೆಲಹಾಸಿಗೆ, ಹೊಳಪು ಕೊಡುವ ಯಂತ್ರವನ್ನು ಬೆಳಗಾವಿ ಹತ್ತಿರದ ಕಾಕತಿಗೆ ತರಬೇಕೇ ಎಂದು ಯಾರಾದರೂ ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಆದರೆ ಆ ಯಂತ್ರದ ಸುತ್ತ ಬೆಳೆದಿರುವ ಶಿಸ್ತನ್ನು ನಾಳೆಯೇ ತನ್ನಿ ಎನ್ನುತ್ತೇನೆ. ಎರಡೂ ಮಾತನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಬೆಳಗಾವಿಯಿಂದ ಪುಣೆಯ ಕಡೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಮಂಗಲ ಕಾರ್ಯಾಲಯ, ಗೋದಾಮು, ಶೋರೂಮು, ಢಾಬಾ ಹೆಚ್ಚುತ್ತಲೇ ಇವೆ. ಫರಸಿ ಗುಡಿಸಿ ಒರೆಸುವ ಕೆಲಸ ಪೊರಕೆಯಿಂದ ಯಂತ್ರಕ್ಕೆ ದಾಟುತ್ತಿದೆ. ಯಾವ ಯಂತ್ರ ಕೊಳ್ಳಬೇಕು ಎಂಬ ಚರ್ಚೆಯಲ್ಲಿ ಹೊಳಪು ಮತ್ತು ದರ ಎರಡೇ ಮಾತು ಬರುತ್ತವೆ. ಮೂರನೆಯದು, ಅಂದರೆ ಯಂತ್ರ ಹಿಡಿದವನ ಉಸಿರು, ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಯಂತ್ರ ಎಂಥದು ನೋಡೋಣ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ, ಶಾಲೆಗಳಲ್ಲಿ ರಾತ್ರಿ ಹೊತ್ತು ಒಬ್ಬ ಕೆಲಸಗಾರ ಹಿಂದಿನಿಂದ ತಳ್ಳಿಕೊಂಡು ಓಡಾಡುವ ಗಾಡಿ ಇದು. ಮೇಲೆ ಸುಮಾರು 9 ಕಿಲೋ ಪ್ರೊಪೇನ್ ಹಿಡಿಯುವ ಸಿಲಿಂಡರ್, ನಡುವೆ ಹದಿನೈದು ಹಾರ್ಸ್‌ಪವರಿನ ಆಸುಪಾಸಿನ ಎಂಜಿನ್, ಕೆಳಗೆ ನಿಮಿಷಕ್ಕೆ ಸಾವಿರದೈನೂರು, ಎರಡು ಸಾವಿರ ಸುತ್ತು ತಿರುಗುವ ದುಂಡನೆಯ ಪ್ಯಾಡು. ವೈರಿನ ಕಾಟವಿಲ್ಲ, ವೇಗಕ್ಕೆ ಕೊರತೆಯಿಲ್ಲ. ಪ್ಯಾಡು ಉಜ್ಜುವ ಬಿಸಿಗೆ ನೆಲದ ಮೇಲಿನ ಲೇಪ ಮೆತ್ತಗಾಗಿ ಸಮನಾಗಿ, ಈಗಷ್ಟೇ ನೀರು ಚೆಲ್ಲಿದಂತೆ ಹೊಳೆಯುತ್ತದೆ.

ಇಲ್ಲೇ ಮೊದಲ ತಕರಾರು. ಹೊಳೆಯುವುದು ಲೇಪ, ನೆಲವಲ್ಲ. ಅಲ್ಲಿನ ಅಂಗಡಿಗಳದು ವಿನೈಲ್ ಹಾಸು. ಅದರ ಮೇಲೆ ನಾಲ್ಕೈದು ಪದರ ಅಕ್ರಿಲಿಕ್ ಪಾಲಿಶ್ ಬಳಿದಿರುತ್ತಾರೆ. ನಮ್ಮಲ್ಲಿ ಶಹಾಬಾದ್ ಕಲ್ಲು, ಕೋಟಾ, ಕಡಪ, ಗ್ರಾನೈಟ್. ಈಚೆಗೆ ಕಂಡಲ್ಲೆಲ್ಲ ವಿಟ್ರಿಫೈಡ್ ಟೈಲ್ಸ್. ಕಾರ್ಖಾನೆಯ ಶೆಡ್ಡುಗಳಲ್ಲಿ ಕಾಂಕ್ರೀಟು. ಕಲ್ಲಿಗೆ ಹೊಳಪು ಬರಬೇಕಾದರೆ ನೀರು ಬಿಟ್ಟುಕೊಂಡು ಸಾಣೆಕಲ್ಲಿನಿಂದ ಉಜ್ಜಬೇಕು, ಅದರ ಯಂತ್ರವೇ ಬೇರೆ. ವಿಟ್ರಿಫೈಡ್ ಟೈಲ್ಸ್ ಹುಟ್ಟುವಾಗಲೇ ಹೊಳಪು ಪಡೆದಿರುತ್ತದೆ, ಅದಕ್ಕೆ ಬೇಕಾದದ್ದು ಒರೆಸುವುದು ಮಾತ್ರ. ಬಳಿದ ಲೇಪವೇ ಇಲ್ಲದ ಕಡೆ ಲೇಪ ಉಜ್ಜುವ ಗಾಡಿ ತಂದು ಏನು ಮಾಡುವುದು?

ಎರಡನೆಯ ತಕರಾರು ಕರೆಂಟಿನದು. ಅಮೆರಿಕದ ಗೋಡೆಯ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್. ಅದರಿಂದ ಎರಡು ಹಾರ್ಸ್‌ಪವರಿಗಿಂತ ಹೆಚ್ಚು ಎಳೆಯುವುದು ಕಷ್ಟ. ಅಲ್ಲಿ ಎಂಜಿನ್ನಿಗೆ ಮೊರೆ ಹೋದದ್ದಕ್ಕೆ ಇದೂ ಒಂದು ಕಾರಣ. ನಮ್ಮದು 230 ವೋಲ್ಟ್. ಒಂದು 16 ಆಂಪಿಯರ್ ಪ್ಲಗ್ ಮೂರೂವರೆ ಕಿಲೋವ್ಯಾಟ್ ಕೊಡುತ್ತದೆ, ಕಾರ್ಯಾಲಯಗಳಲ್ಲಿ ತ್ರೀ ಫೇಸೂ ಇರುತ್ತದೆ. ಅವರ ಕೊರತೆಗೆ ಹುಟ್ಟಿದ ಪರಿಹಾರವನ್ನು ಆ ಕೊರತೆಯೇ ಇಲ್ಲದ ನಾವು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ.

ಇಷ್ಟಕ್ಕೇ ಮುಗಿಯುವುದಾಗಿದ್ದರೆ ಈ ಲೇಖನ ಬೇಕಿರಲಿಲ್ಲ. ಈ ಯಂತ್ರದಿಂದ ಕಲಿಯುವುದಿದೆ, ಅದೂ ಗ್ಯಾಸಿನ ಬಗ್ಗೆ ನಮಗಿರುವ ಅರ್ಧ ತಿಳಿವಳಿಕೆಯ ವಿಷಯದಲ್ಲಿ.

ಗ್ಯಾಸು ಅಂದಕೂಡಲೇ ನಮ್ಮ ಮನೆಮನೆಯಲ್ಲೂ ಮೂಗು ಚುರುಕಾಗುತ್ತದೆ. ಪ್ರೊಪೇನಿಗಾಗಲಿ ಬ್ಯೂಟೇನಿಗಾಗಲಿ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್ಕಾಪ್ಟನ್ ಎಂಬ ನಾತದ ವಸ್ತು ಬೆರೆಸುತ್ತಾರೆ. ಗಾಳಿಯಲ್ಲಿ ಶೇ 2ರ ಆಸುಪಾಸು ಪ್ರೊಪೇನ್ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ, ಆದರೆ ಅದಕ್ಕೆ ಬಹಳ ಮೊದಲೇ ಮೂಗು ಕೂಗಿ ಹೇಳುತ್ತದೆ. ಸ್ವಿಚ್ ಮುಟ್ಟಬೇಡ, ಕಿಟಕಿ ತೆಗೆ, 1906ಕ್ಕೆ ಫೋನ್ ಮಾಡು ಎನ್ನುವುದು ಸಣ್ಣ ಮಕ್ಕಳಿಗೂ ಗೊತ್ತು. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಎಚ್ಚರ ಸಿಲಿಂಡರಿನ ಹತ್ತಿರವೇ ನಿಂತುಬಿಡುತ್ತದೆ. ಗ್ಯಾಸು ಉರಿದ ಮೇಲೆ ಹೊರಬರುವುದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಇಪ್ಪತ್ನಾಲ್ಕು ಪಾಲು ಗಾಳಿ ಬೇಕು. ಗಾಳಿ ಕಡಿಮೆ ಬಿದ್ದರೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮರ್ಕಾಪ್ಟನ್ ಕೂಡ ಎಂಜಿನ್ನಿನಲ್ಲಿ ಸುಟ್ಟುಹೋಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೊರಗಿನ ಗಾಳಿಗೆ ಬಂದ ಮೇಲೂ ಅದರಲ್ಲಿ ಅರ್ಧ ಬಿಟ್ಟುಹೋಗಲು ನಾಲ್ಕೈದು ತಾಸು ಬೇಕು. ಸೋರಿದ ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೊನಾಕ್ಸೈಡ್ ಹಾಗಲ್ಲ, ಗಾಳಿಯಷ್ಟೇ ತೂಕದ್ದು, ಇಡೀ ಕೋಣೆಗೆ ಹರಡುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಕಾರ್ಯಾಲಯದ ಸಭಾಂಗಣ 30 ಮೀಟರ್ ಉದ್ದ, 20 ಮೀಟರ್ ಅಗಲ, 5 ಮೀಟರ್ ಎತ್ತರ ಇದೆ ಎಂದುಕೊಳ್ಳಿ. ಒಳಗಿನ ಗಾಳಿ 3000 ಘನ ಮೀಟರ್. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಎಂಟು ತಾಸಿನ ಪಾಳಿಗೆ ಒಪ್ಪಿದ್ದ ಮಿತಿ ಹತ್ತು ಲಕ್ಷ ಪಾಲು ಗಾಳಿಗೆ 50 ಪಾಲು ಕಾರ್ಬನ್ ಮೊನಾಕ್ಸೈಡ್. ನಮ್ಮ ಸಭಾಂಗಣಕ್ಕೆ ಅದು 150 ಲೀಟರ್ ಆಯಿತು. 600 ಸಿಸಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತ ಸುಮಾರು 500 ಲೀಟರ್ ಹೊಗೆ ಬಿಡುತ್ತದೆ ಎಂದಿಟ್ಟುಕೊಂಡು, ಅದರಲ್ಲಿ ಶೇ 1 ಮೊನಾಕ್ಸೈಡ್ ಇದ್ದರೆ, ಬಾಗಿಲು ಮುಚ್ಚಿದ ಸಭಾಂಗಣ ಅರ್ಧ ತಾಸಿನಲ್ಲಿ ಮಿತಿ ಮುಟ್ಟುತ್ತದೆ. ಹೊಗೆಯಲ್ಲಿ ಶೇ 3 ಇದ್ದರೆ ಹತ್ತೇ ನಿಮಿಷ. ಒರಟು ಲೆಕ್ಕವೇ, ಆದರೂ ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಇಷ್ಟು ಸಾಕು.

ಶೇ 1 ಹೇಗೆ ಶೇ 3 ಆಗುತ್ತದೆ? ಹೆಚ್ಚಿನ ಸಲ ಏರ್ ಫಿಲ್ಟರಿನಿಂದ. ನಾನು ಈ ಯಂತ್ರದ ನಿಗಾವಣೆಯಲ್ಲಿ ಎಲ್ಲಕ್ಕಿಂತ ಮೇಲೆ ಇಡುವುದು ಈ ಕಾಗದದ ಮಡಿಕೆಗಳ ಡಬ್ಬಿಯನ್ನು. ಪ್ಯಾಡು ಎಬ್ಬಿಸುವ ಪುಡಿ ನೇರ ಎಂಜಿನ್ನಿನ ಬಾಯಿಗೆ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಗ್ಯಾಸು ಸಿಗುತ್ತದೆ, ಗಾಳಿ ಸಿಗುವುದಿಲ್ಲ. ಎಂಜಿನ್ ನಿಲ್ಲುವುದಿಲ್ಲ, ಫರಸಿ ಹೊಳೆಯುತ್ತಲೇ ಇರುತ್ತದೆ, ಸೈಲೆನ್ಸರಿನಿಂದ ಬರುವುದು ಮಾತ್ರ ಬದಲಾಗಿರುತ್ತದೆ. ನಮ್ಮ ಕಾರ್ಯಾಲಯಗಳನ್ನು ನೆನೆಸಿಕೊಳ್ಳಿ: ಅಕ್ಷತೆ, ಅರಿಸಿನ, ರಂಗೋಲಿ. ರಂಗೋಲಿ ಪುಡಿ ಎಂದರೆ ಅರೆದ ಕಲ್ಲು. ಮೊದಲು ಪೊರಕೆ ಹಿಡಿದು ಚೊಕ್ಕಟವಾಗಿ ಗುಡಿಸದೆ ಯಂತ್ರ ಓಡಿಸಿದರೆ ಅದೇ ಪುಡಿ ಪ್ಯಾಡಿಗೆ ಸಿಕ್ಕಿ ಟೈಲ್ಸಿನ ಮೇಲೆ ಗೀರು ಎಳೆಯುತ್ತದೆ, ಮೇಲೆದ್ದು ಫಿಲ್ಟರನ್ನೂ ಕಟ್ಟಿಸುತ್ತದೆ. ಯಂತ್ರ ಬಂತೆಂದು ಪೊರಕೆಯನ್ನು ಮೂಲೆಗೆಸೆದವರು ಎರಡು ಕಡೆ ನಷ್ಟ ಮಾಡಿಕೊಳ್ಳುತ್ತಾರೆ.

ಅಲ್ಲಿನವರ ಸಿಲಿಂಡರಿನ ಶಿಸ್ತೂ ಗಟ್ಟಿಯಾದದ್ದೇ. ಬಿಸಿಗೆ ದ್ರವ ಹಿಗ್ಗುತ್ತದೆಂದು ಶೇ 80ಕ್ಕಿಂತ ಹೆಚ್ಚು ತುಂಬುವುದಿಲ್ಲ. ಕೆಲಸ ಮುಗಿದಾಗ ಮೊದಲು ಕೀಲಿ ತಿರುಗಿಸುವುದಿಲ್ಲ. ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸು ಉರಿದು ಎಂಜಿನ್ ತಾನಾಗಿ ನಿಂತ ಮೇಲೆ ಕೀಲಿ. ಆಮೇಲೆ ಸಿಲಿಂಡರ್ ಬಿಚ್ಚಿ ಕಟ್ಟಡದ ಹೊರಗಿನ ಜಾಲರಿ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸುವುದು. ಜೋಡಣೆ ಸೋರುತ್ತದೋ ಎಂದು ನೋಡಲು ಸಾಬೂನು ನೀರು, ಬೆಂಕಿಕಡ್ಡಿಯಲ್ಲ. ನಮ್ಮ ಎಷ್ಟು ಖಾನಾವಳಿಗಳಲ್ಲಿ ನೀಲಿ ಬಣ್ಣದ 19 ಕಿಲೋ ಸಿಲಿಂಡರುಗಳು ಒಲೆಯ ಪಕ್ಕವೇ ಸಾಲಾಗಿ ನಿಂತಿರುತ್ತವೆ! ಕೆಲವೊಮ್ಮೆ ಜತೆಗೆ ಮನೆಬಳಕೆಯ ಕೆಂಪು ಸಿಲಿಂಡರೂ ಇರುತ್ತದೆ. ಅದನ್ನು ವ್ಯಾಪಾರಕ್ಕೆ ಬಳಸುವುದು 2000ದ ಎಲ್‌ಪಿಜಿ ಆದೇಶದ ಪ್ರಕಾರ ಅಪರಾಧ. ಸಿಲಿಂಡರಿನ ಕುತ್ತಿಗೆ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜತೆ ಬರೆದ ವರ್ಷ ಮುಂದಿನ ಪರೀಕ್ಷೆಯ ಅವಧಿ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಅದನ್ನು ಓದಿ ಸಿಲಿಂಡರ್ ಇಳಿಸಿಕೊಳ್ಳುವ ಹೋಟೆಲಿನವರು ಅಪರೂಪ.

ಹಾಗೆಂದು ಈ ಶಿಸ್ತನ್ನು ಹೇಳುವ ಅಮೆರಿಕದ ಕೈಪಿಡಿಯನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಅದರ ದೊಡ್ಡ ಲೋಪ, ಹೊಣೆಯನ್ನೆಲ್ಲ ಯಂತ್ರ ತಳ್ಳುವವನ ಹೆಗಲಿಗೇರಿಸುವುದು. ‘ಗಾಳಿಯಾಡುವ ಜಾಗದಲ್ಲಿ ಬಳಸಿ’ ಎಂದು ಬರೆದುಬಿಡುವುದು ಸುಲಭ. ರಾತ್ರಿ ಅಂಗಡಿಯ ಬಾಗಿಲು ಕಳ್ಳರ ಭಯಕ್ಕೆ ಮುಚ್ಚಿರುತ್ತದೆ, ಕರೆಂಟು ಉಳಿಸಲು ಏಸಿ ಆರಿಸಿರುತ್ತಾರೆ. ಬಾಗಿಲ ಕೀಲಿಯೂ ಕೈಪಿಡಿಯೂ ಒಬ್ಬನ ಕೈಯಲ್ಲಿರುವುದಿಲ್ಲ. 1992ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಇಂಥದೇ ಯಂತ್ರದ ಹೊಗೆಯಿಂದ ಜನ ಅಸ್ವಸ್ಥರಾದದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮರುವರ್ಷ ತನ್ನ ವಾರಪತ್ರಿಕೆಯಲ್ಲಿ ದಾಖಲಿಸಿತು. ಈಗಿನ ಯಂತ್ರಗಳಿಗೆ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ, ಕೆಲವಕ್ಕೆ ಹೊಗೆ ಕೆಟ್ಟರೆ ಎಂಜಿನ್ನನ್ನೇ ನಿಲ್ಲಿಸುವ ಸೆನ್ಸರೂ ಇದೆ. ನನ್ನ ಮಟ್ಟಿಗೆ ಸರಿಯಾದ ದಾರಿ ಅದೇ: ದಣಿದವನ ಜ್ಞಾಪಕಶಕ್ತಿಯನ್ನು ನಂಬದೆ ಯಂತ್ರವೇ ನಿಲ್ಲುವಂತೆ ಮಾಡುವುದು.

ನಮ್ಮ ಕಡೆ ಈ ಗಾಡಿ ಕಾಣುವುದಿಲ್ಲ, ಹಾಗಾದರೆ ಈ ಹೊಗೆಯ ಮಾತೇಕೆ ಎಂದು ಕೇಳಬಹುದು. ಹೊಗೆಯಂತೂ ಇದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಬೆಳಗಾವಿಯ ಡಿಸೆಂಬರ್ ಚಳಿಗೆ ಇದ್ದಿಲ ಶೇಗಡಿ ಒಳಗಿಟ್ಟುಕೊಂಡು ಬಾಗಿಲು ಹಾಕುವವರಿದ್ದಾರೆ. ಕಾರ್ಯಾಲಯದ ತಳಮಹಡಿಯ ಪಾರ್ಕಿಂಗಿನಲ್ಲಿ ಜನರೇಟರ್ ಓಡುತ್ತಿರುತ್ತದೆ, ಅದರ ಹೊಗೆ ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ಖಾನಾಪುರದ ಕಡೆ ಜೂನ್‌ನಿಂದ ಹಿಡಿದುಕೊಂಡ ಮಳೆ ಇರಚಲಿಗೆ ಕಿಟಕಿ ತೆರೆಯಗೊಡುವುದಿಲ್ಲ. ಇಂಥ ಕಡೆ ರಾತ್ರಿ ಹನ್ನೊಂದಕ್ಕೆ ಆರತಕ್ಷತೆ ಮುಗಿದು, ಬೆಳಗಿನ ಐದಕ್ಕೆ ಇನ್ನೊಂದು ಮದುವೆಯ ದಿಬ್ಬಣ ಇಳಿಯುವ ಹೊತ್ತಿಗೆ ಫರಸಿ ಸಿದ್ಧವಾಗಬೇಕು. ಕೆಲಸದವರು ‘ತಲಿ ಸಿಡಿಯಾಕತ್ತೈತ್ರಿ ಸಾಹೇಬ್ರ’ ಎಂದರೆ, ‘ಚಾ ಕುಡದ ಬಾ, ಕಡಿಮಿ ಆಕ್ಕೈತಿ’ ಎನ್ನುವುದು ಮುಕಾದಮರ ಸಿದ್ಧ ಉತ್ತರ. ತಲೆನೋವು, ಹೊಟ್ಟೆ ತೊಳಸುವುದು, ಕಣ್ಣು ಕತ್ತಲೆ: ಮೊನಾಕ್ಸೈಡ್ ವಿಷದ ಮೊದಲ ಲಕ್ಷಣಗಳೂ ಇವೇ. ನಿದ್ದೆಗೆಟ್ಟದ್ದಕ್ಕೂ ಇದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ಒಬ್ಬನಿಗಲ್ಲ, ಜತೆಗಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆ ಹಿಡಿದರೆ ಚಹಾದ ಮಾತು ಬಿಟ್ಟು ಎಲ್ಲರನ್ನೂ ಹೊರಗೆ ಕರೆತರಬೇಕು, ಆಸ್ಪತ್ರೆಯಲ್ಲಿ ಎಂಜಿನ್ ಹೊಗೆಯ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು.

ಕಾರ್ಖಾನೆಯ ಒಳಗೆ ಇದಕ್ಕೆಲ್ಲ ಕಾಯ್ದೆಯಿದೆ, ಇನ್‌ಸ್ಪೆಕ್ಟರ್ ಇದ್ದಾರೆ. ಹೊನಗಾ, ಕಾಕತಿ ಕೈಗಾರಿಕಾ ಪ್ರದೇಶದ ಗೇಟು ದಾಟಿ ಹೊರಬಂದು ಕಾರ್ಯಾಲಯಕ್ಕೆ ಕಾಲಿಟ್ಟರೆ ಅದೇ ಮನುಷ್ಯ, ಅದೇ ಪುಪ್ಪುಸ, ಮಿತಿಯನ್ನು ಅಳೆಯುವವರು ಮಾತ್ರ ಯಾರೂ ಇಲ್ಲ.

ಹಾಗಾದರೆ ಯಾವ ಯಂತ್ರ? ನೆಲ ತೊಳೆದು ನೀರನ್ನೂ ತಾನೇ ಹೀರಿಕೊಳ್ಳುವ ಬ್ಯಾಟರಿ ಗಾಡಿ ನಮ್ಮ ಟೈಲ್ಸಿಗೆ ಒಪ್ಪುತ್ತದೆ. ಸಣ್ಣ ಜಾಗಕ್ಕೆ ವೈರಿನ ಸಿಂಗಲ್ ಡಿಸ್ಕ್ ಯಂತ್ರ ಸಾಕು. ಇವೂ ಸಾಧುಪ್ರಾಣಿಗಳೇನಲ್ಲ. ಸೀಸ-ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಊದಿನಕಡ್ಡಿ ಹಚ್ಚುವ ದೇವರ ಫೋಟೋದ ಪಕ್ಕ ಚಾರ್ಜಿಗಿಡುವ ಪದ್ಧತಿ ಬಿಡಬೇಕು. ವೈರಿನ ಯಂತ್ರದ್ದು ಇನ್ನೊಂದು ಕಥೆ. ಪ್ಲಗ್ ಮುರಿದುಹೋಗಿದೆ, ವೈರಿನ ಎರಡು ತುದಿ ಸುಲಿದು ಸಾಕೆಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಗಿಸಿದ್ದಾರೆ, ಅರ್ಥಿಂಗಿನ ಹಸಿರು ವೈರು ಗಾಳಿಯಲ್ಲಿ ತೂಗಾಡುತ್ತಿದೆ. ಅದೇ ನೆಲದ ಮೇಲೆ ಸಾಬೂನು ನೀರು, ಅದೇ ನೀರಿನಲ್ಲಿ ಬರಿಗಾಲು. ‘ಏನೂ ಆಗಂಗಿಲ್ಲ ಬಿಡ್ರಿ’ ಎನ್ನುವ ಮಾತು ಇಂಥಲ್ಲೇ ಹೆಚ್ಚು ಕೇಳಿಬರುತ್ತದೆ. 30 ಮಿಲಿಆಂಪಿಯರ್ ಸೋರಿದರೆ ಕರೆಂಟು ಕಡಿಯುವ ಆರ್‌ಸಿಸಿಬಿ ಒಂದು ಮದುವೆಯ ಹೂವಿನ ಅಲಂಕಾರದ ಮುಂದೆ ಲೆಕ್ಕಕ್ಕಿಲ್ಲದ ಖರ್ಚು.

ಕಾರ್ಯಾಲಯ, ಗೋದಾಮು ನಡೆಸುವವರಲ್ಲಿ ಒಂದು ವಿನಂತಿ. ಸ್ವಚ್ಛತೆಯ ಗುತ್ತಿಗೆ ಬರೆಯುವಾಗ ಚದರಡಿ ದರದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಒಳಗೆ ಯಾವ ಎಂಜಿನ್ನೂ ಓಡಬಾರದು, ತಲೆನೋವು ಬಂತೆಂದು ಯಂತ್ರ ನಿಲ್ಲಿಸಿದವನ ಕೂಲಿ ಕಡಿಯಬಾರದು. ಯಂತ್ರದ ಎಚ್ಚರಿಕೆಯ ಚೀಟಿಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ ಹಿಡಿಕೆಯ ಹತ್ತಿರವೇ ಅಂಟಿಸಿ. ತಿಂಗಳ ಬಿಲ್ಲು ಪಾಸು ಮಾಡುವ ಮೊದಲು ಹೊಳೆಯುವ ಫರಸಿಯನ್ನು ನೋಡುವ ಹಾಗೆಯೇ ಯಂತ್ರದ ಪ್ಲಗ್ ಮತ್ತು ವೈರನ್ನೂ, ಜನರೇಟರಿನ ಹೊಗೆ ಕೊಳವೆ ಎಲ್ಲಿಗೆ ಬಾಯಿ ಬಿಟ್ಟಿದೆ ಎಂಬುದನ್ನೂ ನಿಮ್ಮ ಕಣ್ಣಾರೆ ನೋಡಿ ಸಹಿ ಹಾಕಿ.